ಅಂಗಳಕ್ಕೆ ಬಂದ ಹೊಸ ಮಣ್ಣು

ಮಾಲೂರು
೧೭ ಫೆಬ್ರವರಿ ೨೦೨೫

ನನ್ನ ಬಂಗಾರಿ ಅನಿತಾ,

ಹೇಗಿದ್ದೀಯೆ ಕಂದಾ? ಹೊಟ್ಟೆನೋವು ಮತ್ತೆ ಬಂದಿತ್ತಾ? ಆವನಿಯ ಶಾಲೆಯಲ್ಲಿ ಗೆಳತಿಯರು ಸಿಕ್ಕರಾ? ಅಜ್ಜಿ ಕೊಡುವ ರಾಗಿ ಗಂಜಿಯನ್ನು ಬೇಡ ಅನ್ನಬೇಡ. ಅವರ ಮಂಡಿನೋವು ಹೇಗಿದೆ ಎಂದು ನೀನೇ ನೋಡಿ ಬರೆ, ನನಗೆ ಅವರು ನಿಜ ಹೇಳುವುದಿಲ್ಲ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಹಿಂದೆ ಹಳೇ ಬ್ಯಾಟರಿ ಕರಗಿಸುತ್ತಿದ್ದ ಕಾರ್ಖಾನೆಯನ್ನು ಮುಚ್ಚಿಸಿದ್ದು ನಿನಗೆ ಗೊತ್ತು. ಈಗ ಅದರ ಗೋಡೆಗಳೂ ಇಲ್ಲ. ಆ ಜಾಗದಲ್ಲಿ ತರಕಾರಿ ಮಂಡಿ ಕಟ್ಟುತ್ತಾರಂತೆ. ಅದಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಲು ದಿವ್ಯ ಎಂಬ ಇಂಜಿನಿಯರ್ ಬಂದರು. ನಮ್ಮ ಅಂಗಳದ ಮಣ್ಣನ್ನೂ ಚೀಲಕ್ಕೆ ತುಂಬಿಕೊಂಡು ಹೋದರು. ನಿನ್ನ ರಕ್ತದಲ್ಲಿ ಸಿಕ್ಕಿದ ಅದೇ ಸೀಸ, ನೀನು ಕುಂಟೆಬಿಲ್ಲೆ ಆಡುತ್ತಿದ್ದ ಜಾಗದಲ್ಲೂ ಇತ್ತು. ದಿನವೂ ಅದೇ ಮಣ್ಣಿಗೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದೆನಲ್ಲ.

ಅಂಗಳ ಅಗೆಯುವ ದಿನ ನಾನು ಜಗಳವನ್ನೇ ಆಡಿದೆ. ಕರಿಬೇವಿನ ಗಿಡವನ್ನಾದರೂ ಬಿಡಿ ಎಂದು ಅಡ್ಡ ನಿಂತೆ. ನೀನು ಹುಟ್ಟಿದ ವರ್ಷ ನೆಟ್ಟದ್ದು. "ಅಕ್ಕಾ, ಬೇರಿನ ಸುತ್ತಾನೂ ಅದೇ ಮಣ್ಣಿದೆ. ಬಿಟ್ರೆ ನಾಳೆ ಮಗು ಅಲ್ಲೇ ಆಡ್ತಾಳೆ," ಎಂದರು ದಿವ್ಯ. ಆದರೂ ನಾನು ಜಾಗ ಬಿಡಲಿಲ್ಲ. ಕೊನೆಗೆ ಅಪ್ಪನೇ ಪಿಕಾಸಿ ಹಿಡಿದು ಬಂದು, "ಗಿಡ ಇನ್ನೊಂದು ಬರ್ತದೆ ಕಣೇ, ಪಕ್ಕಕ್ಕೆ ಬಾ," ಎಂದರು. ಕಡಿದಾಗ ಬೀದಿಯೆಲ್ಲ ಕರಿಬೇವಿನ ವಾಸನೆ.

ಮೊಣಕಾಲುದ್ದ ಅಗೆದು, ಟಾರ್ಪಾಲು ಹೊದಿಸಿದ ಲಾರಿಗಳಲ್ಲಿ ಮಣ್ಣನ್ನು ಸಾಗಿಸಿದರು. ಆಮೇಲೆ ಹುತ್ತೂರಿನ ಕಡೆಯಿಂದ ಕೆಮ್ಮಣ್ಣು ಬಂತು. ಅದನ್ನೂ ಪರೀಕ್ಷೆ ಮಾಡಿಯೇ ಸುರಿದರು. ಅದರ ಮೇಲೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ. ನಿನ್ನ ಹೆಜ್ಜೆ ಒಂದೂ ಬೀಳದ ಅಂಗಳ ಅದು. ಸಂಜೆ ಬೀದಿಯಲ್ಲಿ ಮಕ್ಕಳ ಗಲಾಟೆ ಕೇಳಿದರೆ ಈಗಲೂ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಬೆಳಿಗ್ಗೆ ನಿನಗೆ ಜಡೆ ಹಾಕುತ್ತಿದ್ದ ಹೊತ್ತಿಗೆ ಕೈಗಳಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ.

ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡು ಮಗಳೇ. ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ. ಅಜ್ಜಿಯ ಕಾಲಿಗೆ ನನ್ನದೂ ಒಂದು ನಮಸ್ಕಾರ.

ನಿನ್ನ ಅಮ್ಮ,
ಚಂದ್ರಕಲಾ

ತಾ.ಕ.: ಸಂಕ್ರಾಂತಿಗೆ ಬಂದ ಅಪ್ಪ ನಿನ್ನನ್ನು ಎತ್ತಿಕೊಳ್ಳದೆ ಬಾಗಿಲಲ್ಲೇ ನಿಂತು ಹೊರಟುಹೋದರೆಂದು ನೀನು ತುಂಬ ಅತ್ತಿದ್ದನ್ನು ಅಜ್ಜಿ ಹೇಳಿದರು. ಅದು ಕೋಪವಲ್ಲ ಕಂದಾ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಅವರ ಬಟ್ಟೆಯ ಧೂಳಿನಿಂದಲೂ ಸೀಸ ಮನೆಗೆ ಬಂದಿರಬಹುದು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ನಿನ್ನನ್ನು ಮುಟ್ಟಲು ಹೆದರುತ್ತಾರೆ. ಈಗ ಅಂಗಳದ ಮಣ್ಣು ಚೆನ್ನಾಗಿದೆ ಎಂದು ದಿವ್ಯ ತಿಳಿಸಿದ್ದಾರೆ, ನೀನು ಮನೆಗೆ ಬರಬಹುದು ಎಂದು ಡಾಕ್ಟರೂ ಒಪ್ಪಿದ್ದಾರೆ. ಭಾನುವಾರ ನಿನ್ನನ್ನು ಕರೆದುಕೊಂಡು ಬರಲು ಅಪ್ಪನೇ ಬರುತ್ತಾರೆ. ಅವರು ದೂರ ನಿಂತರೆ ನೀನೇ ಓಡಿ ಹೋಗಿ ತಬ್ಬಿಕೋ.