ಎಂಟನೇ ಪೆಟ್ಟು

ಅಕ್ಕಾ,

ನೀನು ಹೋಗಿ ಆರು ವರ್ಷವಾಯಿತು, ಆದರೂ ಇದನ್ನು ಹೇಳಬೇಕಾದ್ದು ನಿನಗೇ. ಕಾಲೇಜಿನ ಹುಡುಗಿಯರು ತಮ್ಮ ಮೈಮೇಲೆ ಬಿದ್ದ ಕೈಗಳ ಬಗ್ಗೆ ಒಂದು ನೃತ್ಯ ಕಟ್ಟಿದ್ದಾರೆ. ಇವತ್ತಿನ ಪ್ರದರ್ಶನಕ್ಕೆ ಡೋಲು ನನ್ನದು.

“ಆಂಟಿ, ಎಂಟನೇ ಪೆಟ್ಟು ಬಾರಿಸ್ಬೇಡಿ,” ಎಂದಿದ್ದಳು ಒಬ್ಬಳು. “ಕೈ ಬರೋದು ಅಲ್ಲೇ. ನಾವು ಪಕ್ಕಕ್ಕೆ ಸರೀತೀವಿ.”

ಏಳು ಬಾರಿಸಿ ಕೈ ಎತ್ತಿ ಹಿಡಿದೆ. ಮೂವತ್ತು ಹುಡುಗಿಯರು ಒಟ್ಟಿಗೆ ಸರಿದರು.

ನೀನೂ ಡ್ಯಾನ್ಸ್ ಕ್ಲಾಸಿನಲ್ಲಿ ದಿನಾ ಹೀಗೇ ಸರಿಯುತ್ತಿದ್ದೆ. ಡೋಲು ಆಗಲೂ ನನ್ನದೇ. “ಅಕ್ಕ ಮತ್ತೆ ತಾಳ ತಪ್ಪಿಸಿದ್ಲು ನೋಡಿ!” ಎಂದು ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಕೊನೆಗೆ ನೀನು ಕುಣಿಯುವುದನ್ನೇ ಬಿಟ್ಟೆ.

ಸೊಂಟ ಹಿಡಿದು ನಿಲುವು ತಿದ್ದಲು ಮೇಷ್ಟ್ರು ಪ್ರತಿ ಸಲ ನಿನ್ನ ಪಕ್ಕಕ್ಕೇ ಬರುತ್ತಿದ್ದರು. ನಾನು ನೋಡುತ್ತಿದ್ದದ್ದು ನಿನ್ನ ಪಾದಗಳನ್ನು ಮಾತ್ರ.