ಎರಡನೇ ಪ್ಲಾಟ್‌ಫಾರ್ಮ್ ಅಂದ ಅಪ್ಪ

ಜೂನ್ 3, ಬೆಳಿಗ್ಗೆ

ಇವತ್ತೂ ಜಡೆ ಹಾಕಿದ್ದು ಅಪ್ಪನೇ. ಒಂದು ಮೇಲೆ, ಒಂದು ಕೆಳಗೆ. ಹೊಲಿಗೆ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲೂ ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಮಾತೂ ಇಲ್ಲ. ಆದರೂ ನನಗೆ ಈ ಬೆಳಗು ಇಷ್ಟ. ಮೊದಲಾದರೆ ನಾನು ಏಳುವಷ್ಟರಲ್ಲಿ ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಮುಂದೆ ಇರುತ್ತಿದ್ದ. ಇಷ್ಟ ಅಂತ ಯಾರಿಗೂ ಹೇಳುವ ಹಾಗಿಲ್ಲ, ಅಷ್ಟೇ.

ಸಂಜೆ

ಸ್ಟೇಷನ್ನಿನಲ್ಲಿ ಈಗಲೂ ಅಪ್ಪನದೇ ದನಿ. ರೈಲುಗಳ ಹೆಸರು, ನಂಬರು, "ದಯವಿಟ್ಟು" — ಎಲ್ಲವನ್ನೂ ರೈಲ್ವೆಯವರು ಬಿಡಿಬಿಡಿಯಾಗಿ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಇನ್ನು ಕಂಪ್ಯೂಟರೇ ಜೋಡಿಸಿಕೊಳ್ಳುತ್ತದೆ, ನೀವು ಬೇಡ ಅಂದರು. ಇದೆಂಥ ನ್ಯಾಯ! ಅಲ್ಲಿ ಅಷ್ಟು ಮಾತು, ಮನೆಯಲ್ಲಿ ಬರೀ ಹೂಂ, ಉಹೂಂ. ಹೊಟ್ಟೆ ಉರಿಯುತ್ತದೆ. ಕೆಲಸ ಹೋದರೆ ಹೋಗಲಿ, ಅಪ್ಪನ ಮಾತು ವಾಪಸ್ ಬೇಕು.

ಜೂನ್ 6

ನಾನೂ ಅಮ್ಮನೂ ರೈಲು ತಪ್ಪಿಸಿಕೊಂಡೆವು. ಸ್ಪೀಕರಿನಲ್ಲಿ ಅಪ್ಪ ಎರಡನೇ ಪ್ಲಾಟ್‌ಫಾರ್ಮ್ ಅಂದ. ರೈಲು ಕಣ್ಣೆದುರೇ ಮೂರಕ್ಕೆ ಬಂತು. ಎಲ್ಲರೂ ಓಡಿದರು. ನಾವಿಬ್ಬರು ಮಾತ್ರ ಕಂಬದ ಹಾಗೆ ನಿಂತೆವು. "ಅದು ಬೇರೆ ರೈಲಿರ್ಬೇಕು ಕಣೆ. ನಿಮ್ಮಪ್ಪ ಹೇಳಿದ್ಮೇಲೆ ಇಲ್ಲಿಗೇ ಬರತ್ತೆ" ಅಂದಳು ಅಮ್ಮ. ಹೋಗೇ ಬಿಟ್ಟಿತು!

ಮನೆಗೆ ಬಂದು ಹೇಳಿದೆ. ಅಪ್ಪನ ಮುಖ ಕೆಂಪಾಯಿತು.

"ನಾನು ತಪ್ಪು ಹೇಳಿದ್ನಾ?"

"ನೀನಲ್ಲಪ್ಪ, ಕಂಪ್ಯೂಟರು."

"ದನಿ ಯಾರ್ದು?"



ಜೂನ್ 8, ರಾತ್ರಿ

ಅಪ್ಪ ನಮ್ಮ ಜೊತೆ ಸ್ಟೇಷನ್ನಿಗೆ ಬಂದ. ಮತ್ತೆ ಅದೇ ತಪ್ಪು. ಪ್ಲಾಟ್‌ಫಾರ್ಮ್ ಬದಲಾಗಿದ್ದನ್ನು ಕಂಪ್ಯೂಟರಿಗೆ ಯಾರೂ ಹೇಳಿಲ್ಲ. ಅಪ್ಪ ಬೆಂಚು ಹತ್ತಿದ. "ಮೂರು! ಮೂರಕ್ಕೆ ಹೋಗಿ! ಆ ಮೇಲಿರೋನ ಮಾತು ಕೇಳ್ಬೇಡಿ!" ಸ್ಪೀಕರಿನಲ್ಲಿ ಅದೇ ದನಿ ಎರಡು ಅನ್ನುತ್ತಿದೆ. ಜನಕ್ಕೆ ತಲೆ ಕೆಟ್ಟಿತು. ಒಬ್ಬ ಅಜ್ಜಿ ಅಪ್ಪನನ್ನೂ ಸ್ಪೀಕರನ್ನೂ ನೋಡಿ, "ಕಣ್ಮುಂದೆ ಇರೋನ್ನ ನಂಬ್ತೀನಪ್ಪ" ಅಂತ ಓಡಿದಳು. ಹಿಂದೆ ಎಲ್ಲರೂ.

ಸ್ಟೇಷನ್ ಮಾಸ್ತರು ಗದರಿದರು: "ಇಳೀರಿ ಕೆಳಗೆ! ನಿಮಗಿಲ್ಲಿ ಕೆಲಸ ಇಲ್ಲ."

"ಗೊತ್ತು ಸಾರ್. ಇವರೆಲ್ಲ ಹತ್ಲಿ, ಇಳೀತೀನಿ."

ಕೆಲಸ ವಾಪಸ್ ಕೊಡಲಿಲ್ಲ. ಕೊಡುವುದೂ ಇಲ್ಲವಂತೆ. ಆದರೆ ಮನೆಗೆ ಬಂದಾಗಿನಿಂದ ಅಪ್ಪನ ಬಾಯಿಗೆ ಬಿಡುವಿಲ್ಲ. ಅಜ್ಜಿ ಓಡಿದ ಕಥೆ ಆಗಲೇ ಎಷ್ಟು ಸಲವೋ. ಪ್ರತಿ ಸಲವೂ ಅಜ್ಜಿಯ ಓಟ ಜೋರಾಗುತ್ತಿದೆ. "ಸಾಕು ಮಾರಾಯ, ಊಟ ಆರಿಹೋಯ್ತು" ಅಂತ ಅಮ್ಮ ನಗುತ್ತಿದ್ದಾಳೆ. ನನಗಂತೂ ಎಷ್ಟು ಖುಷಿ ಅಂದರೆ — ಇರು, ಕರೆಯುತ್ತಿದ್ದಾನೆ. ನಾನು ಸಾಕ್ಷಿ ಹೇಳಬೇಕಂತೆ. ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳಂತೆ, ಶುದ್ಧ ಸುಳ್ಳು, ಅವಳು —