ಬಿಚ್ಚಿದ ಒಳಜೇಬಿನ ಬಗ್ಗೆ ಸುರಕ್ಷತಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯ ಸುರಕ್ಷತಾ ಮುಖ್ಯಸ್ಥರೇ,

ನಿಮ್ಮ ಬ್ಯಾಂಕಿನಲ್ಲಿ ನನ್ನ ಹಣ ಎಷ್ಟು ಭದ್ರವಾಗಿದೆ ಎಂದರೆ, ಅದು ನನಗೇ ಸಿಗುತ್ತಿಲ್ಲ. ನಲವತ್ತಮೂರು ದಿನಗಳಿಂದ ಅದು ‘ವಿದೇಶ ಪ್ರಯಾಣ ಕಾರ್ಡ್’ ಎಂಬ ನಿಮ್ಮ ಪ್ಲಾಸ್ಟಿಕ್ ತುಂಡಿನೊಳಗೆ ಕೂತಿದೆ, ನೀವು ಅದನ್ನು ನನ್ನಿಂದ ಕಾಪಾಡುತ್ತಿದ್ದೀರಿ. ಈ ತಿಂಗಳ ಇಪ್ಪತ್ತೊಂದಕ್ಕೆ ನನ್ನ ಅಕ್ಕನ ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಎರಡನೇ ಸಲ ದಿನ ಸಿಕ್ಕಿದೆ. ಬಲಗಣ್ಣು ಹೋಗಿ ಆರು ವರ್ಷವಾಯಿತು. ಮೊದಲ ಸಲ ಸಿಕ್ಕ ದಿನವನ್ನು ನಿಮ್ಮ ಸುರಕ್ಷತೆ ನುಂಗಿತು. ಎರಡನೆಯದನ್ನೂ ನುಂಗುವ ಮೊದಲು ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮೊಬ್ಬರಿಗೇ ಬರೆದ ಏಳು ಪತ್ರಗಳಿಗೆ ‘ನಿಮ್ಮ ಸಂದೇಶ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಏಳು ಸಲ ಬಂದಿದೆ.

ನಾನು ದರ್ಜಿ. ಅದರಲ್ಲೂ ಒಳಜೇಬಿನ ದರ್ಜಿ ಎಂದೇ ನಮ್ಮ ಬೀದಿಯಲ್ಲಿ ನನಗೆ ಹೆಸರು. ಪರದೇಶಕ್ಕೆ ಹೊರಟವರು ಮೂವತ್ತೊಂದು ವರ್ಷಗಳಿಂದ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾರೆ: ಹಡಗಿನಲ್ಲಿ ಅಡುಗೆ ಮಾಡುವವರು, ನರ್ಸುಗಳು, ಗಡಿ ದಾಟುವ ಲಾರಿಗಳ ಚಾಲಕರು. ಅವರ ಕೋಟಿನ ಅಸ್ತರು ಬಿಚ್ಚಿ, ಮೈಗೂ ಬಟ್ಟೆಗೂ ನಡುವೆ, ಹೊರಗಿನಿಂದ ತಡವಿದರೂ ಗೊತ್ತಾಗದ ಹಾಗೆ ಒಂದು ಜೇಬು ಕೂರಿಸುವುದು ನನ್ನ ಕಸುಬು. ಜೇಬಿನ ಜೊತೆಗೆ ಪುಕ್ಕಟೆಯಾಗಿ ಒಂದು ಬುದ್ಧಿಮಾತನ್ನೂ ಹೇಳುತ್ತೇನೆ. ಅದು ನನ್ನದಲ್ಲ, ನನಗೆ ಸೂಜಿ ಹಿಡಿಯಲು ಕಲಿಸಿದ ಅಕ್ಕನದು. ದಾರಿಖರ್ಚು ಕಿಸೆಯಲ್ಲಿರಲಿ, ಆಪತ್ತಿನದು ಅಸ್ತರಿನಲ್ಲಿರಲಿ, ದೊಡ್ಡದು ನಿಮಗಿಂತ ಮೊದಲೇ ಹೋಗಿ ಸೇರಿರಲಿ. ಈ ಮಾತು ಕೇಳಿ ಹೋದ ಯಾರೂ ಇಂದಿನವರೆಗೆ ಬರಿಗೈಯಲ್ಲಿ ನಿಂತದ್ದು ನನಗೆ ಗೊತ್ತಿಲ್ಲ. ನಿಂತವನು ನಾನೊಬ್ಬನೇ.

ಅಕ್ಕನ ಕಣ್ಣಿನ ಕಾರ್ನಿಯಾ ಬದಲಿಸಬೇಕು, ಅಂಥ ಕಣ್ಣಿಗೆ ಕೈ ಹಾಕುವ ವೈದ್ಯರು ಇಲ್ಲಿಲ್ಲ ಎಂದು ನಮ್ಮ ಡಾಕ್ಟರೇ ಬರೆದುಕೊಟ್ಟಾಗ ನಾವು ಆ ಲೆಕ್ಕದಲ್ಲೇ ಹೊರಟಿದ್ದೆವು. ಆಸ್ಪತ್ರೆಯ ಮುಂಗಡವನ್ನು ಮೊದಲೇ ಕಳಿಸುವುದು, ಒಂದಿಷ್ಟನ್ನು ಆ ದೇಶದ ನೋಟು ಮಾಡಿಸಿ ಅಕ್ಕನ ಕೋಟಿನಲ್ಲಿ ಇಡುವುದು, ಮಿಕ್ಕಿದ್ದಕ್ಕೆ ನಿಮ್ಮ ಕಾರ್ಡು. ಅಕ್ಕ ತನ್ನ ಕೋಟಿಗೆ ತಾನೇ ಜೇಬು ಹೊಲಿದುಕೊಂಡಳು. ಮಬ್ಬುಗಣ್ಣಿನಲ್ಲಿ, ಬೆರಳಲ್ಲೇ ತಡವಿಕೊಂಡು, ಎರಡು ದಿನ ಕೂತು ಹೊಲಿದಳು. ಹೊಲಿಗೆ ಸೊಟ್ಟಗಿತ್ತು. ನಾನು ತಿದ್ದುತ್ತೇನೆ ಎಂದರೆ ಕೈ ತಟ್ಟಿ ದೂಡಿ, ಮಾಡಿಸಿ ತಂದಿದ್ದ ನೋಟುಗಳನ್ನು ಅದರೊಳಗೆ ಇಟ್ಟಳು.

ಆಮೇಲೆ ನಾವು ನಿಮ್ಮ ಶಾಖೆಗೆ ಬಂದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಕುರ್ಚಿ ಎಳೆದು ಕೂರಿಸಿದ ನಗುಮುಖದ ಅಧಿಕಾರಿ. ನಮ್ಮ ಯೋಜನೆ ಕೇಳಿ ಆತ ಪೆನ್ನು ಕೆಳಗಿಟ್ಟು ನಕ್ಕರು.

“ಯಾವ ಕಾಲದಲ್ಲಿದೀರಾ ಟೈಲರಣ್ಣಾ? ಕೋಟಲ್ಲಿ ನೋಟು ಹೊಲ್ಕೊಂಡು ಹೋಗ್ತಾರಾ ಯಾರಾದ್ರೂ? ಏರ್‌ಪೋರ್ಟಲ್ಲಿ ಪಕ್ಕಕ್ಕೆ ನಿಲ್ಲಿಸಿ ಬಿಚ್ಚಿಸ್ತಾರೆ, ಅಮ್ಮನಿಗೆ ಅವಮಾನ ಆಗುತ್ತೆ. ಎಲ್ಲಾ ಇದ್ರಲ್ಲೇ ಹಾಕ್ಬಿಡಿ. ಹೋಗಿ ಉಜ್ಜಿದ್ರೆ ಆಯ್ತು.”

“ಆಸ್ಪತ್ರೆಗೆ ಮೊದ್ಲೇ ಕಳಿಸ್ಬೇಕಲ್ಲ ಸಾರ್?” ಎಂದೆ.

“ಕಾರ್ಡಿರೋವಾಗ ಅದಕ್ಕೊಂದು ಬೇರೆ ಶುಲ್ಕ ಯಾಕೆ ಕಟ್ತೀರಾ?”

ಅಕ್ಕ ನನ್ನ ತೋಳು ಹಿಡಿದು ಮೆಲ್ಲಗೆ, “ಬ್ಯಾಡ ಕಣೋ, ನಮ್ ಪದ್ಧತಿ ನಮಗಿರ್ಲಿ” ಎಂದಳು. ನಾನು ಕೇಳಲಿಲ್ಲ. ನಿಮ್ಮ ಗಾಜಿನ ಬಾಗಿಲಿನೆದುರು ನನಗೆ ನನ್ನ ಕಸುಬಿನ ಬಗ್ಗೆಯೇ ನಾಚಿಕೆಯಾಯಿತು. ಮನೆಗೆ ಬಂದು, ಅಕ್ಕ ಎರಡು ದಿನ ಕೂತು ಹೊಲಿದ ಜೇಬನ್ನು ಎರಡು ನಿಮಿಷದಲ್ಲಿ ಬಿಚ್ಚಿದೆ. ಒಳಗಿದ್ದ ನೋಟುಗಳನ್ನು ತೆಗೆದುಕೊಂಡು ಹೋಗಿ ಕಾರ್ಡಿಗೆ ತುಂಬಿಸಿದೆ. ಇದೊಂದು ತಪ್ಪನ್ನು ನಿಮ್ಮ ಮೇಲೆ ಹಾಕಲಾರೆ. ಆ ನಗುವಿಗೆ ನಾಚಿದವನು ನಾನು, ಬಿಚ್ಚಿದ ಕೈಯೂ ನನ್ನದೇ.

ಆಸ್ಪತ್ರೆಯ ನಿಯಮ ಸರಳವಾಗಿತ್ತು. ದಾನಿಯ ಕಾರ್ನಿಯಾ ಬಂದಿದೆ, ಮಧ್ಯಾಹ್ನ ಹನ್ನೆರಡರೊಳಗೆ ಮುಂಗಡ ಕಟ್ಟಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಹತ್ತು ಗಂಟೆಗೆ ಕಾರ್ಡು ಕೊಟ್ಟೆ. ಯಂತ್ರ ಕೆಂಪು ದೀಪ ತೋರಿಸಿತು. ಇನ್ನೊಮ್ಮೆ ಉಜ್ಜಿದರು, ಮತ್ತೆ ಕೆಂಪು. ಆಸ್ಪತ್ರೆಯವರೇ ಒದಗಿಸಿದ್ದ ದುಭಾಷಿ ಹೆಂಗಸು ತನ್ನ ಫೋನಿನಿಂದ ನಿಮ್ಮ ಸಹಾಯವಾಣಿಗೆ ಕರೆ ಮಾಡಿದರು. ಒಂದನ್ನು ಒತ್ತಿ, ಮೂರನ್ನು ಒತ್ತಿ, ಸಂಗೀತ ಕೇಳಿ, ಮತ್ತೆ ಒಂದನ್ನು ಒತ್ತಿ. ಐವತ್ತು ನಿಮಿಷದ ಮೇಲೆ ಸಿಕ್ಕ ಮನುಷ್ಯಧ್ವನಿ ಕಾರಣ ಹೇಳಿತು: ಕಾರ್ಡನ್ನು ವಿದೇಶದಲ್ಲಿ ಬಳಸಲು ಯತ್ನಿಸಿದ್ದು ಅನುಮಾನಾಸ್ಪದವಾಗಿ ಕಂಡಿದೆ.

ಮಾನ್ಯರೇ, ವಿದೇಶ ಪ್ರಯಾಣ ಕಾರ್ಡನ್ನು ಮತ್ತೆಲ್ಲಿ ಬಳಸಬೇಕಿತ್ತು? ನಮ್ಮ ಬೀದಿಯ ತರಕಾರಿ ಗಾಡಿಯಲ್ಲೇ?

ಬಿಡಿ, ನಿಜವಾದ ಗ್ರಾಹಕ ನಾನೇ ಎಂದು ತೋರಿಸಲು ದಾರಿಯೊಂದಿತ್ತು. ನೋಂದಾಯಿತ ಮೊಬೈಲಿಗೆ ಆರು ಅಂಕಿಯ ಸಂಕೇತ ಕಳಿಸುತ್ತೇವೆ, ಹತ್ತು ನಿಮಿಷದೊಳಗೆ ಅದನ್ನು ಹೇಳಿ ಎಂದರು. ನಮ್ಮಲ್ಲಿ ಮನೆಗೂ ಅಂಗಡಿಗೂ ಒಂದೇ ನಂಬರು. ಗಿರಾಕಿಗಳು ಕರೆಯುತ್ತಾರೆಂದು ಆ ಫೋನನ್ನು ಹೆಂಡತಿಯ ಕೈಯಲ್ಲಿ ಬಿಟ್ಟು ಬಂದಿದ್ದೆ. ಪರದೇಶಕ್ಕೆ ಹೋಗುವವನು ಆ ನಂಬರನ್ನು ಜೊತೆಗೊಯ್ಯಬೇಕು ಎಂದು ಕಾರ್ಡು ಮಾರಿದ ನಗುಮುಖ ನನಗೆ ಹೇಳಿರಲಿಲ್ಲ. ಇರಲಿ, ಹೆಂಡತಿ ಅಂಗಡಿಯಲ್ಲೇ ಇರುತ್ತಾಳಲ್ಲ ಎಂದು, ನಿಮ್ಮವರ ಕರೆಯನ್ನು ಕಡಿಯದೆ ಹಿಡಿದಿಟ್ಟು, ದುಭಾಷಿಯ ಫೋನಿನಿಂದಲೇ ಅವಳಿಗೆ ಕರೆ ಮಾಡಿದೆ.

“ಯಾರ್ರೀ ಮಾತಾಡೋದು?”

“ನಾನು ಕಣೇ. ಫೋನಿಗೆ ಆರು ನಂಬರ್ ಬಂದಿರುತ್ತೆ, ಬೇಗ ಹೇಳು. ಆಸ್ಪತ್ರೇಲಿದೀನಿ, ದುಡ್ಡು ಕಟ್ಬೇಕು, ಟೈಮಿಲ್ಲ.”

ಅವಳು ಫೋನು ಕುಕ್ಕಿದಳು.

ಅವಳನ್ನು ಬೈಯಬೇಡಿ. ಅವಳು ನಿಮ್ಮ ಅತ್ಯಂತ ವಿಧೇಯ ವಿದ್ಯಾರ್ಥಿನಿ. ವಾರಕ್ಕೆರಡು ಸಲ ನೀವು ಕಳಿಸುವ ಎಚ್ಚರಿಕೆಯನ್ನು ಕತ್ತರಿಸುವ ಮೇಜಿನ ಮೇಲೆ, ಅಳತೆ ಪುಸ್ತಕದ ಪಕ್ಕದಲ್ಲಿ, ತನ್ನ ಕೈಯಾರೆ ಬರೆದು ಅಂಟಿಸಿದ್ದಾಳೆ. ‘ವಿದೇಶದ ಸಂಖ್ಯೆಯಿಂದ ಕರೆ ಬರುತ್ತದೆ. ನಿಮ್ಮವರೇ ಎನ್ನುತ್ತಾರೆ. ಆಸ್ಪತ್ರೆಯಲ್ಲಿದ್ದೇನೆ ಎನ್ನುತ್ತಾರೆ. ಅವಸರ ಮಾಡುತ್ತಾರೆ. ಸಂಕೇತ ಕೊಡಬೇಡಿ. ಕೂಡಲೇ ನಮಗೆ ದೂರು ಕೊಡಿ.’ ನೀವು ಬರೆದ ಕಳ್ಳನ ಲಕ್ಷಣಗಳಲ್ಲಿ ಒಂದಾದರೂ ನನ್ನಲ್ಲಿ ಕಡಿಮೆಯಿತ್ತೇ? ಅವಸರದಲ್ಲಿ ಕೂಗಿದ ಧ್ವನಿಯೂ ನನ್ನದರಂತಿರಲಿಲ್ಲ. ಅವಳು ಕೂಡಲೇ ಸಂದೇಶ ಕಳಿಸಿ ದೂರು ಕೊಟ್ಟಳು.

ಎರಡನೇ ಸಲ ಕರೆ ಮಾಡಿದಾಗ ಪರೀಕ್ಷೆಗೆ ನಿಲ್ಲಿಸಿದಳು.

“ನೀವು ನಮ್ಮೆಜಮಾನ್ರೇ ಆದ್ರೆ ಹೇಳಿ. ಹಳೇ ಮೆಷಿನ್ನು ಅಲ್ಲಾಡ್ದೇ ಇರ್ಲಿ ಅಂತ ಯಾವ ಕಾಲಿಗೆ ಏನ್ ಕೊಟ್ಟಿದೀವಿ?”

“ಎಡಗಡೆ ಹಿಂದಿನ ಕಾಲಿಗೆ, ಒಡೆದ ಹೆಂಚಿನ ಚೂರು. ಕೊಟ್ಟಿದ್ದು ನೀನೇ, ಕೊಡೋವಾಗ ಬೆರಳು ಜಜ್ಕೊಂಡಿದ್ದೆ.”

“ಅಯ್ಯೋ, ನೀವೇನಾ! ಏನ್ ಮಾಡ್ಬಿಟ್ಟೆ ನಾನು?” ಎಂದು ಅಳುತ್ತಲೇ ಅಂಕಿಗಳನ್ನು ಹೇಳಿದಳು. ಇನ್ನೂ ಎರಡು ನಿಮಿಷ ಉಳಿದಿತ್ತು. ನಾನು ಅಂಕಿಗಳನ್ನು ನಿಮ್ಮವರಿಗೆ ಒಪ್ಪಿಸಿದೆ. ಅಂಕಿಗಳು ಸರಿಯಾಗಿವೆ ಎಂದರು. ಆದರೆ ಈಗಷ್ಟೇ ನೋಂದಾಯಿತ ಮೊಬೈಲಿನಿಂದ ವಂಚನೆಯ ದೂರು ಬಂದಿದೆ, ತನಿಖೆ ಮುಗಿಯುವವರೆಗೆ ಕಾರ್ಡು ತೆರೆಯುವುದಿಲ್ಲ ಎಂದರು. ದೂರು ಕೊಟ್ಟವಳು ನನ್ನ ಹೆಂಡತಿ ಎಂದೆ. ನಿಮ್ಮ ಕುಟುಂಬದ ಜಾಗರೂಕತೆಗೆ ಅಭಿನಂದನೆಗಳು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ. ಪೂಜಾರಿ ಅಭಿನಂದನೆಯನ್ನೂ ಹೇಳುತ್ತಾನೆಂದು ಅವತ್ತೇ ಗೊತ್ತಾದದ್ದು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ದುಭಾಷಿ ಕೌಂಟರಿಗೆ ಹೋಗಿ ಬೇಡಿಕೊಂಡು ಬಂದು, “ಅರ್ಧ ಕಟ್ಟಿದ್ರೂ ಸಂಜೆವರೆಗೆ ಕಾಯ್ತಾರಂತೆ. ಕೈಯಲ್ಲಿ ಎಷ್ಟಿದೆ?” ಎಂದು ಕೇಳಿದರು. ನನ್ನ ಕಿಸೆಯಲ್ಲಿ ಚಹಾಕ್ಕಾಗುವಷ್ಟು ಚಿಲ್ಲರೆ ಇತ್ತು. ಅರ್ಧ ಎಂಬ ಮಾತು ಕೇಳಿದ್ದೇ ಅಕ್ಕನ ಕೈ ತಾನಾಗಿಯೇ ಕೋಟಿನೊಳಗೆ ಹೋಯಿತು. ಎಡಗಡೆ, ಪಕ್ಕೆಯ ಹತ್ತಿರ, ಅಸ್ತರಿನ ಮೇಲೆ ಬೆರಳಾಡಿಸಿದಳು. ಅಲ್ಲಿ ಏನಿದೆ, ನಾನು ಬಿಚ್ಚಿದ ಹೊಲಿಗೆಯ ತೂತುಗಳು. ಅಲ್ಲಿದ್ದ ನೋಟುಗಳು ಅರ್ಧಕ್ಕಿಂತ ಹೆಚ್ಚೇ ಇದ್ದವು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಕೈ ಹೊರತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹನ್ನೆರಡಾಗಿ ಐದು ನಿಮಿಷಕ್ಕೆ ಇನ್ನಾರದೋ ಹೆಸರು ಕರೆದರು. ಪುಟ್ಟ ಹುಡುಗಿಯೊಬ್ಬಳು ಅಪ್ಪನ ಕೈ ಹಿಡಿದು ಒಳಗೆ ಹೋದಳು. “ಯಾರ್ ಹೋದ್ರೋ?” ಎಂದು ಅಕ್ಕ ಕೇಳಿದಳು. ಹೇಳಿದೆ. “ಸದ್ಯ, ಚಿಕ್ಕ ಮಗು. ತುಂಬಾ ದಿನ ನೋಡುತ್ತೆ” ಎಂದಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ ಸ್ವಾಮಿ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ.

ವಾಪಸು ಬರುವ ವಿಮಾನಕ್ಕೆ ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕು ದಿನ ನಾವು ಉಂಡದ್ದು ಆ ದುಭಾಷಿ ಹೆಂಗಸಿನ ಮನೆಯಲ್ಲಿ. ನನ್ನ ಚೀಲದಲ್ಲಿ ಸೂಜಿದಾರವಿತ್ತು. ಅವರ ಮನೆಮಂದಿಯ ಹರಿದ ಜೇಬು, ಕಿತ್ತ ಗುಂಡಿ, ಕೆಟ್ಟ ಜಿಪ್ಪು ಎಲ್ಲವನ್ನೂ ರಿಪೇರಿ ಮಾಡಿಕೊಟ್ಟೆ. ಲಕ್ಷಗಟ್ಟಲೆ ಹಣ ನಿಮ್ಮ ಬಳಿಯಿತ್ತು, ಊಟ ಹುಟ್ಟಿದ್ದು ಸೂಜಿಯಿಂದ.

ಊರಿಗೆ ಬಂದ ಮೇಲಿನ ಕಥೆ ನಿಮ್ಮ ಕಡತದಲ್ಲೇ ಇದೆ, ಓದಿ ನೋಡಿ. ತನಿಖೆ ಮುಗಿಯದೆ ಹಣ ಬಿಡುವ ಹಾಗಿಲ್ಲವಂತೆ. ವಂಚಕ ಪತ್ತೆಯಾಗದೆ ತನಿಖೆ ಮುಗಿಯುವ ಹಾಗಿಲ್ಲವಂತೆ. ವಂಚಕ ನಾನೇ ಎಂದು ಮೂರು ಸಲ ಬರೆದುಕೊಟ್ಟಿದ್ದೇನೆ. ಆದರೆ ನನ್ನ ಹೆಸರು ನಿಮ್ಮಲ್ಲಿ ವಂಚನೆಗೊಳಗಾದವರ ಕಾಲಮ್ಮಿನಲ್ಲಿದೆ, ಒಬ್ಬನೇ ವ್ಯಕ್ತಿ ಎರಡೂ ಕಾಲಮ್ಮಿನಲ್ಲಿ ಇರಲು ಗಣಕಯಂತ್ರ ಒಪ್ಪುವುದಿಲ್ಲವಂತೆ. ದೂರು ವಾಪಸು ಪಡೆಯುತ್ತೇನೆಂದು ಹೆಂಡತಿ ನಿಮ್ಮ ಶಾಖೆಗೆ ಬಂದಳು. ಬೆದರಿಕೆಯಿಂದ ವಾಪಸು ಪಡೆಯುತ್ತಿಲ್ಲ ಎಂದು ರುಜುವಾತು ತನ್ನಿ ಎಂದು ಕಳಿಸಿದಿರಿ. ಮೊನ್ನೆ ಬಂದ ನಿಮ್ಮ ಪತ್ರದಲ್ಲಿ, ನನ್ನನ್ನು ಹಿಡಿಯಲು ನನ್ನ ಸಹಕಾರವನ್ನು ಕೋರಿದ್ದೀರಿ. ಈ ನಡುವೆ ಎರಡನೇ ಸಲದ ಟಿಕೆಟ್ಟಿಗಾಗಿ ಎರಡು ಮೆಷಿನ್ನುಗಳಲ್ಲಿ ಒಂದನ್ನು ಮಾರಿದೆ. ಉಳಿದಿರುವುದು ಹೆಂಚಿನ ಚೂರಿನ ಮೇಲೆ ನಿಂತ ಹಳೆಯದು.

ಕಳ್ಳರಿದ್ದಾರೆ, ಎಚ್ಚರ ಬೇಕು, ಒಪ್ಪುತ್ತೇನೆ. ಕಳ್ಳರಿಗೆ ಹೆದರಿಯೇ ಮೂವತ್ತೊಂದು ವರ್ಷ ಜೇಬು ಹೊಲಿದು ಬದುಕಿದವನು ನಾನು. ಆದರೆ ಒಳಜೇಬಿಗೂ ಒಂದು ಬಾಯಿ ಇಡುತ್ತೇವೆ ಮಾನ್ಯರೇ. ಕಳ್ಳನ ಕೈಗೆ ಸಿಗಬಾರದು, ಆಪತ್ತಿನಲ್ಲಿ ಯಜಮಾನನ ಕೈಗೆ ಕತ್ತಲಲ್ಲೂ ಸಿಗಬೇಕು. ಬಾಯನ್ನೇ ಹೊಲಿದುಬಿಟ್ಟರೆ ಅದನ್ನು ಯಾವ ದರ್ಜಿಯೂ ಜೇಬು ಎನ್ನುವುದಿಲ್ಲ. ಇಷ್ಟು ನನ್ನ ಅಂಗಡಿಗೆ ಮೊದಲ ದಿನ ಕೆಲಸಕ್ಕೆ ಬಂದವರಿಗೂ ಗೊತ್ತಿರುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಹದಿನೈದನೇ ತಾರೀಖಿನೊಳಗೆ ನನ್ನ ಹಣವನ್ನು ನನಗೆ ಕೊಡಿ. ಕಾರ್ಡಿನಲ್ಲಲ್ಲ. ಮುಂಗಡವನ್ನು ಆಸ್ಪತ್ರೆಗೆ ಮೊದಲೇ ಕಳಿಸಲು, ಆಪತ್ತಿನದನ್ನು ನೋಟು ಮಾಡಿಸಲು ಅದು ನನ್ನ ಕೈಗೇ ಬೇಕು. ಇನ್ನು ಮುಂದೆ ಆ ಕಾರ್ಡನ್ನು ಯಾರಿಗೆ ಮಾರಿದರೂ, ಇದೊಂದನ್ನೇ ನಂಬಿ ಹೋಗಬೇಡಿ, ಈ ನಂಬರಿನ ಫೋನು ಜೊತೆಗಿರಲಿ ಎಂದು ಬಾಯಿಬಿಟ್ಟು ಹೇಳಿ. ಹೇಳಿದರೆ ನಿಮ್ಮ ನಗುಮುಖದ ಅಧಿಕಾರಿಯ ವ್ಯಾಪಾರ ತುಸು ಕಮ್ಮಿಯಾದೀತು, ಆಗಲಿ. ಈ ವಿಷಯ ಮಾತಾಡಲು ಕರೆ ಮಾಡುವುದಾದರೆ ಧಾರಾಳವಾಗಿ ಮಾಡಿ. ಫೋನು ಎತ್ತುವವಳು ನನ್ನ ಹೆಂಡತಿ. ನೀವು ನಿಜವಾಗಿ ನೀವೇ ಎಂದು ಅವಳಿಗೆ ಮೊದಲು ರುಜುವಾತು ಮಾಡಬೇಕಾಗುತ್ತದೆ.

ಅಕ್ಕನ ಕೋಟು ಈಗ ನನ್ನ ಮೇಜಿನ ಮೇಲಿದೆ. ಜೇಬನ್ನು ಮತ್ತೆ ಕೂರಿಸಿದ್ದೇನೆ, ಅವಳು ಹಾಕಿದ್ದ ಸೊಟ್ಟ ಹೊಲಿಗೆಯ ತೂತುಗಳಲ್ಲೇ ಸೂಜಿ ಹಾಯಿಸಿ, ಸೊಟ್ಟಗೇ ಹೊಲಿದಿದ್ದೇನೆ. ಬಾಯಿ ತೆರೆದೇ ಬಿಟ್ಟಿದ್ದೇನೆ. ಬೆಳಿಗ್ಗೆ ಅಂಗಡಿಗೆ ಬಂದ ಕೂಡಲೇ ಅಕ್ಕ ಮೇಜು ತಡವಿಕೊಂಡು ಬಂದು ಅದರೊಳಗೆ ಎರಡು ಬೆರಳು ಇಳಿಸಿ ನೋಡುತ್ತಾಳೆ. ಆಮೇಲೆ ನನ್ನ ಮುಖ ಇರಬಹುದಾದ ಕಡೆಗೆ ತಿರುಗಿ, “ಬಂತೇನೋ?” ಎಂದು ಕೇಳುತ್ತಾಳೆ.

ಇಂತಿ,
ನಿಮ್ಮ ಕಡತದಲ್ಲಿ ಕಳ್ಳನೂ ಕಳಕೊಂಡವನೂ ಆಗಿರುವ,
ತನ್ನಕ್ಕನ ಜೇಬು ಬಿಚ್ಚಿದ ಒಬ್ಬ ದರ್ಜಿ